ಹ್ಯಾನಾ ಅನಿತಾ ಆದದ್ದು: ಭೋರ್‌ನಲ್ಲಿ ಮತ್ತೆ ಓದಿದ ‘ಯಾದ್ ವಶೇಮ್’

ನೇಮಿಚಂದ್ರ ಅವರ ‘ಯಾದ್ ವಶೇಮ್’ 2007ರಲ್ಲಿ ಬಂದಾಗ ನಾನು ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದುತ್ತಿದ್ದೆ. ಹಾಸ್ಟೆಲಿಗೆಲ್ಲ ಒಂದೇ ಪ್ರತಿ. ಕೈಯಿಂದ ಕೈಗೆ ಹೋಗಿ ನನ್ನ ಪಾಳಿ ಬರುವಷ್ಟರಲ್ಲಿ ರಟ್ಟು ಕಿತ್ತಿತ್ತು. ಎರಡು ರಾತ್ರಿಗಳಲ್ಲಿ ಓದಿ ಮುಗಿಸಿ, ಯಾರಿಗೂ ಕಾಣದಂತೆ ಅತ್ತಿದ್ದೆ. ಈ ಮಳೆಗಾಲದಲ್ಲಿ ಮತ್ತೆ ಓದಿದೆ. ಈ ಸಲ ಅಳುವಿನ ಜೊತೆಗೆ ಒಂದು ತಕರಾರೂ ಹುಟ್ಟಿತು. ಅದಕ್ಕೆ ಕಾರಣ ಕಾದಂಬರಿಗಿಂತ ಹೆಚ್ಚಾಗಿ ಒಬ್ಬ ಹುಡುಗ.

ನಾನಿರುವುದು ಭೋರ್‌ನಲ್ಲಿ, ಕೆಲಸ ಶಿರವಳದ ಕಾರ್ಖಾನೆಯೊಂದರಲ್ಲಿ. ನಮ್ಮ ಶಿಫ್ಟಿಗೆ ಇಂಡಿ ಕಡೆಯ ಟ್ರೇನಿ ಹುಡುಗನೊಬ್ಬ ಬಂದ. ಡಿಪ್ಲೊಮಾ ಮುಗಿಸಿದ್ದಾನೆ, ಚುರುಕು, ಕನ್ನಡ ಮರಾಠಿ ಎರಡನ್ನೂ ಓದುತ್ತಾನೆ. ಒಂದು ದಿನ ಅವನ ಚೀಲದಲ್ಲಿ ಹಿಟ್ಲರನ ಆತ್ಮಕಥೆಯ ಮರಾಠಿ ಅನುವಾದ ಕಂಡಿತು. ಬಸ್‌ಸ್ಟ್ಯಾಂಡಿನ ಪುಸ್ತಕದಂಗಡಿಯಲ್ಲಿ ಕೊಂಡದ್ದಂತೆ. ಯಶಸ್ಸಿನ ಸೂತ್ರ, ಧನವಂತರಾಗುವ ದಾರಿ ಇಂಥ ಪುಸ್ತಕಗಳ ಸಾಲಿನಲ್ಲೇ ಅದನ್ನೂ ಇಟ್ಟಿರುತ್ತಾರೆ, ನೀವೂ ನೋಡಿರುತ್ತೀರಿ. ಹೇಗಿದೆ ಎಂದೆ. “ಸರ್, ನಮ್ಮ ದೇಶಕ್ಕೂ ಇಂಥಾ ಒಬ್ಬಾಂವ ಬೇಕ್ರಿ. ಶಿಸ್ತು ಅಂದ್ರ ಶಿಸ್ತು” ಎಂದ. ಅವನ ಮಾತಿನಲ್ಲಿ ದ್ವೇಷವಿರಲಿಲ್ಲ. ಯಹೂದಿ ಎಂದರೆ ಯಾರೆಂದೇ ಅವನಿಗೆ ಗೊತ್ತಿರಲಿಲ್ಲ. ಅರವತ್ತು ಲಕ್ಷ ಜನರನ್ನು ಕೊಂದದ್ದು ಅವನು ಓದಿದ ಶಾಲೆಯ ಪುಸ್ತಕದಲ್ಲಿ ಒಂದು ಸಾಲಿನಲ್ಲಿ ಬಂದು ಹೋಗಿತ್ತು. ಶಿಸ್ತು ಮಾತ್ರ ನೆನಪಿತ್ತು.

ವಾದ ಮಾಡಲಿಲ್ಲ. ‘ಯಾದ್ ವಶೇಮ್’ ಕೊಟ್ಟೆ.

ಕಥೆ ನಿಮ್ಮಲ್ಲಿ ಅನೇಕರಿಗೆ ಗೊತ್ತು. ಹಿಟ್ಲರನ ಜರ್ಮನಿಯಿಂದ ತಪ್ಪಿಸಿಕೊಂಡು ಹ್ಯಾನಾ ಎಂಬ ಯಹೂದಿ ಹುಡುಗಿ ಅಪ್ಪನ ಜೊತೆ ಬೆಂಗಳೂರಿಗೆ ಬರುತ್ತಾಳೆ. ಉಳಿದವರು ಅಲ್ಲೇ ಉಳಿಯುತ್ತಾರೆ. ಇಲ್ಲಿನ ಒಂದು ಮನೆ ಅವಳನ್ನು ತನ್ನದಾಗಿ ಮಾಡಿಕೊಳ್ಳುತ್ತದೆ. ಹ್ಯಾನಾ ಅನಿತಾ ಆಗುತ್ತಾಳೆ. ಮುಪ್ಪಿನಲ್ಲಿ, ಕಳೆದುಹೋದ ತನ್ನವರನ್ನು ಹುಡುಕುತ್ತ ಯುರೋಪಿಗೆ, ಡಕಾವ್ ಶಿಬಿರಕ್ಕೆ, ಕೊನೆಗೆ ಇಸ್ರೇಲಿಗೆ ಹೋಗುತ್ತಾಳೆ.

ಹದಿನೈದು ದಿನ ಬಿಟ್ಟು ಹುಡುಗ ಬಂದ. ಕಣ್ಣು ನೋಡಿದರೇ ತಿಳಿಯುತ್ತಿತ್ತು, ಓದಿದ್ದಾನೆ ಎಂದು. ಹಿಟ್ಲರನ ಸುದ್ದಿಯನ್ನೇ ಎತ್ತಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು ಅವನು ಹೇಳಿದ್ದು ಇಷ್ಟು: “ಆದ್ರೂ ಸರ್, ಅಕಿಗೆ ನಮ್ಮ ದೇಶದಾಗ ಛಲೋ ಮನಿ ಸಿಕ್ತಲ್ರಿ. ನಾವು ಹಂಗಲ್ಲ ನೋಡ್ರಿ.”

ನಾನು ಮತ್ತೆ ಪುಸ್ತಕ ಹಿಡಿದದ್ದು ಈ ಮಾತಿನಿಂದ. ಅವನು ತಪ್ಪು ಓದಿರಲಿಲ್ಲ. ನಾನೂ ಇಪ್ಪತ್ತರ ವಯಸ್ಸಿನಲ್ಲಿ ಹಾಗೆಯೇ ಓದಿದ್ದೆ: ಅಲ್ಲಿ ನರಕ, ಇಲ್ಲಿ ನೆರಳು. ಕಾದಂಬರಿಯ ವಾತ್ಸಲ್ಯ ಎಷ್ಟು ಗಾಢವಾಗಿದೆಯೆಂದರೆ ಅದನ್ನು ಓದಿ ಮುಗಿಸಿದ ಕನ್ನಡಿಗನಿಗೆ ತನ್ನ ಬೆನ್ನನ್ನು ತಾನೇ ತಟ್ಟಿಕೊಳ್ಳಬೇಕೆನಿಸುತ್ತದೆ. ಲೇಖಕಿಯ ಉದ್ದೇಶ ಅದಲ್ಲ ಎಂಬುದಕ್ಕೆ ಕೊನೆಯ ಭಾಗವೇ ಸಾಕ್ಷಿ. ಆ ಮಾತಿಗೆ ಆಮೇಲೆ ಬರುತ್ತೇನೆ. ಆದರೆ ಬೆಂಗಳೂರಿನ ಪುಟಗಳು ಆ ಸುಖವನ್ನು ನಮಗೆ ಸುಲಭವಾಗಿ ಕೊಡುತ್ತವೆ.

ಅದೇ ಬೆಂಗಳೂರಿನಲ್ಲಿ, ಅದೇ ಕಾಲದಲ್ಲಿ, ನಿಜವಾಗಿ ನಡೆದದ್ದೊಂದನ್ನು ಕಾದಂಬರಿಯ ಪಕ್ಕದಲ್ಲಿಟ್ಟು ನೋಡಬೇಕು. ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ ಅವರನ್ನು 1933ರ ಏಪ್ರಿಲ್‌ನಲ್ಲಿ ಗಾಟಿಂಗನ್ ವಿಶ್ವವಿದ್ಯಾಲಯದ ಕೆಲಸದಿಂದ ದೂರವಿಟ್ಟರು. ಅವರು 1914ರಲ್ಲೇ ಕ್ರೈಸ್ತ ದೀಕ್ಷೆ ಪಡೆದಿದ್ದರು. ನಾಜಿಗಳ ಕಾನೂನು ನಂಬಿಕೆಯನ್ನು ಕೇಳುವುದಿಲ್ಲ, ಅಜ್ಜ ಅಜ್ಜಿಯರನ್ನು ಎಣಿಸುತ್ತದೆ. ಕೇಂಬ್ರಿಜ್‌ನಲ್ಲಿ ತಾತ್ಕಾಲಿಕವಾಗಿದ್ದ ಅವರನ್ನು ಸಿ. ವಿ. ರಾಮನ್ ಬೆಂಗಳೂರಿಗೆ ಕರೆಸಿದರು. 1935-36ರ ಚಳಿಗಾಲದಲ್ಲಿ ಬಾರ್ನ್ ದಂಪತಿ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್‌ನಲ್ಲಿದ್ದರು, ಟಾಟಾ ಇನ್‌ಸ್ಟಿಟ್ಯೂಟ್ ಎಂದು ಹಳೆಯ ಬೆಂಗಳೂರಿಗರು ಕರೆಯುವ ಜಾಗ. ಊರು ಅವರಿಗೆ ಹಿಡಿಸಿತ್ತು. ಕಾಯಂ ಪ್ರಾಧ್ಯಾಪಕ ಹುದ್ದೆಯೊಂದನ್ನು ಅವರಿಗೆ ಕೊಡಿಸಬೇಕೆಂದು ರಾಮನ್ ಸಭೆಯ ಮುಂದೆ ವಿಷಯವಿಟ್ಟರು. ಆಗ ಆಸ್ಟನ್ ಎಂಬ ಇಂಗ್ಲಿಷ್ ಪ್ರಾಧ್ಯಾಪಕರು ಎದ್ದು ನಿಂತು, ಬಾರ್ನ್ ಅವರ ಎದುರಿಗೇ, ತನ್ನ ದೇಶ ಓಡಿಸಿದ ಎರಡನೇ ದರ್ಜೆಯ ಪರದೇಶಿ ನಮಗೆ ಸಾಲದು ಎಂಬರ್ಥದ ಮಾತಾಡಿದರು. ಮನೆಗೆ ಹಿಂದಿರುಗಿ ಹೆಂಡತಿಯೆದುರು ಅತ್ತುಬಿಟ್ಟೆ ಎಂದು ಬಾರ್ನ್ ತಮ್ಮ ಆತ್ಮಕಥೆಯಲ್ಲಿ ನೆನೆಯುತ್ತಾರೆ. ಹುದ್ದೆ ಸಿಗಲಿಲ್ಲ. 1936ರಲ್ಲಿ ಎಡಿನ್‌ಬರೋಗೆ ಹೋದರು. 1954ರಲ್ಲಿ ನೊಬೆಲ್ ಬಂತು.

ಈ ಕಥೆಯನ್ನು ನಮ್ಮಲ್ಲಿ ಸಾಮಾನ್ಯವಾಗಿ ಸಂಸ್ಥೆಯೊಳಗಿನ ಜಗಳವೆಂದು, ರಾಮನ್ ಅವರ ಹಟಮಾರಿತನವೆಂದು ಹೇಳಿ ಮುಗಿಸುತ್ತಾರೆ. ಜಗಳ ಇದ್ದದ್ದು ನಿಜ, ರಾಮನ್ ಮರುವರ್ಷವೇ ನಿರ್ದೇಶಕ ಸ್ಥಾನ ಬಿಡಬೇಕಾಯಿತು. ಆದರೆ ನನ್ನ ಗಮನ ಆ ಮಾತಿನ ಕಟ್ಟಡದ ಮೇಲೆ. ಓಡಿಸಲ್ಪಟ್ಟವನು, ಆದ್ದರಿಂದ ಕಡಿಮೆಯವನು. ಜರ್ಮನಿ ಹಾಕಿದ ಮುದ್ರೆಯನ್ನು, ಜರ್ಮನಿಯ ವಿರೋಧಿಯಾದವನೂ ಪ್ರಮಾಣಪತ್ರವೆಂದು ಒಪ್ಪಿಬಿಡುತ್ತಾನೆ. ಹೇಳಿದವನು ಇಂಗ್ಲಿಷಿನವನಲ್ಲವೇ, ನಮಗೇನು, ಎನ್ನಬಹುದು. ಸಂಸ್ಥೆ ಬೆಂಗಳೂರಿನದು, ಕೇಳಿಸಿಕೊಂಡ ಕಿವಿಗಳಲ್ಲಿ ಭಾರತೀಯರವೂ ಇದ್ದವು.

ಬಾರ್ನ್ ಅವರ ಸೋದರಳಿಯ ಆಟೊ ಕ್ಯೋನಿಗ್ಸ್‌ಬರ್ಗರ್ ಅವರ ಕಥೆ ಬೇರೆಯಾಯಿತು ಎಂಬುದನ್ನೂ ಹೇಳಬೇಕು. ಬರ್ಲಿನ್ನಿನಲ್ಲಿ ಸರ್ಕಾರಿ ಕೆಲಸ ಕಳೆದುಕೊಂಡ ಈ ವಾಸ್ತುಶಿಲ್ಪಿ 1939ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದರು. ದಿವಾನ್ ಮಿರ್ಜಾ ಇಸ್ಮಾಯಿಲ್ ಕಾಲ. ಮಾವನಿಗೆ ಕುರ್ಚಿ ಕೊಡದ ಅದೇ ಸಂಸ್ಥೆಯ ಆವರಣದಲ್ಲಿ ಅಳಿಯನ ಕಟ್ಟಡಗಳು ಇಂದಿಗೂ ನಿಂತಿವೆ. ಅಂದರೆ ಬಾಗಿಲು ತೆರೆದದ್ದೂ ಉಂಟು, ಮುಚ್ಚಿದ್ದೂ ಉಂಟು. ಯಾರು ಒಳಗಿದ್ದರು, ಯಾವ ದಿನ ಬಡಿದರು ಎಂಬುದರ ಮೇಲೆ.

ನೇಮಿಚಂದ್ರರ ಕಾದಂಬರಿ ತೆರೆದ ಬಾಗಿಲನ್ನು ಅಡುಗೆಮನೆಯ ಕಡೆಯಿಂದ ನೋಡುತ್ತದೆ. ಅದರ ಶಕ್ತಿ ಇರುವುದೂ ಅಲ್ಲೇ. ಯುರೋಪಿನ ನರಮೇಧದ ಬಗ್ಗೆ ಕನ್ನಡದಲ್ಲಿ ಓದಿದ್ದೆಲ್ಲ ಹೆಚ್ಚಾಗಿ ದೊಡ್ಡ ದನಿಯ ಬರಹ. ಇಲ್ಲಿ ಮಾತ್ರ ಅದು ಮನೆಯ ಹೆಂಗಸೊಬ್ಬಳು ರಾತ್ರಿ ದೀಪ ಆರಿಸಿದ ಮೇಲೆ ನೆನೆಸಿಕೊಳ್ಳುವ ಸಂಗತಿ. ತಂಗಳು ಸಾರು ಬಿಸಿಮಾಡುವ ಕೈ, ಕಳೆದುಕೊಂಡವರನ್ನು ಹುಡುಕುವ ಕೈ ಒಂದೇ ಎಂದು ತೋರಿಸುವುದು ಸಣ್ಣ ಕೆಲಸವಲ್ಲ.

ಹಾಗಿದ್ದೂ, ಮನೆಯ ಪ್ರೀತಿಯ ಬೆಲೆಯನ್ನು ಕಾದಂಬರಿ ಪೂರ್ತಿ ಲೆಕ್ಕ ಹಾಕಿತೇ ಎಂಬ ಅನುಮಾನ ನನ್ನದು. ಶೀರ್ಷಿಕೆಯನ್ನೇ ತೆಗೆದುಕೊಳ್ಳಿ. ಯಾದ್ ವಶೇಮ್ ಎಂದರೆ ಜೆರುಸಲೇಮಿನಲ್ಲಿ 1953ರಲ್ಲಿ ಸ್ಥಾಪಿಸಿದ ಸ್ಮಾರಕ. ಹೀಬ್ರೂ ಬೈಬಲ್ಲಿನ ಯೆಶಾಯನ ಗ್ರಂಥದಿಂದ ಬಂದ ಆ ಎರಡು ಮಾತಿನ ಅರ್ಥ, ಒಂದು ಗುರುತು ಮತ್ತು ಒಂದು ಹೆಸರು. ಸತ್ತವರ ಹೆಸರುಗಳನ್ನು ಒಂದೊಂದಾಗಿ ಕೂಡಿಹಾಕುವುದೇ ಆ ಸಂಸ್ಥೆಯ ಕೆಲಸ. ನಾಜಿಗಳಿಗೂ ಹೆಸರಿನ ಮಹತ್ವ ಗೊತ್ತಿತ್ತು. 1938ರ ಆಗಸ್ಟ್‌ನಲ್ಲಿ ಅವರು ಹೊರಡಿಸಿದ ಆಜ್ಞೆಯ ಪ್ರಕಾರ, ಯಹೂದಿ ಎಂದು ಹೆಸರಿನಿಂದಲೇ ತಿಳಿಯದ ಗಂಡಸರು ‘ಇಸ್ರೇಲ್’ ಎಂದೂ ಹೆಂಗಸರು ‘ಸಾರಾ’ ಎಂದೂ 1939ರ ಜನವರಿಯಿಂದ ತಮ್ಮ ಹೆಸರಿಗೆ ಸೇರಿಸಿಕೊಳ್ಳಬೇಕಿತ್ತು. ಮನುಷ್ಯರನ್ನು ಮೊದಲು ಹೆಸರಿನಲ್ಲಿ ಬೇರೆ ಮಾಡಿದರು, ಆಮೇಲೆ ಬೀದಿಯಲ್ಲಿ, ಆಮೇಲೆ ರೈಲಿನಲ್ಲಿ.

ಹೆಸರು ಎಂಬ ಅರ್ಥದ ಶೀರ್ಷಿಕೆ ಹೊತ್ತ ಪುಸ್ತಕದಲ್ಲಿ ನಾಯಕಿ ತನ್ನ ಹೆಸರನ್ನೇ ಬಿಡುತ್ತಾಳೆ. ನಮ್ಮ ಮನೆ ಅವಳಿಗೆ ಅನ್ನ ಕೊಟ್ಟಿತು, ಮಡಿಲು ಕೊಟ್ಟಿತು, ಜೊತೆಗೆ ಅನಿತಾ ಎಂಬ ಹೆಸರನ್ನೂ ಕೊಟ್ಟಿತು. ಸಾರಾ ಎಂಬ ಮುದ್ರೆಗೂ ಅನಿತಾ ಎಂಬ ಮಮತೆಗೂ ಅಜಗಜಾಂತರ, ನಾನು ಎರಡನ್ನೂ ಒಂದು ಮಾಡುತ್ತಿಲ್ಲ. ಆದರೆ ಹ್ಯಾನಾ ಆಗಿಯೇ ಉಳಿದಿದ್ದರೆ ಆ ಓಣಿ, ಆ ಬಳಗ, ಅರಿಶಿನ ಕುಂಕುಮಕ್ಕೆ ಕರೆಯುವ ನೆರೆಹೊರೆ ಅವಳನ್ನು ಇಷ್ಟೇ ನಿರಾಳವಾಗಿ ಒಳಗೆ ಬಿಟ್ಟುಕೊಳ್ಳುತ್ತಿತ್ತೇ? ಈ ಪ್ರಶ್ನೆ ಪುಸ್ತಕದ ಬಾಗಿಲಲ್ಲಿ ನಿಂತಿದೆ. ಒಳಗೆ ಬಂದು ಕೂತಿದ್ದರೆ ಕಾದಂಬರಿ ಇನ್ನೂ ದೊಡ್ಡದಾಗುತ್ತಿತ್ತು ಎಂದು ನನಗೆ ಅನ್ನಿಸುತ್ತದೆ.

ಹೆಸರು ಬಿಡದೆಯೂ ಇಲ್ಲಿ ಬಾಳಿದ ಯಹೂದಿಗಳು ಇದ್ದರು, ಅದೂ ನಾನಿರುವ ಈ ಸೀಮೆಯಲ್ಲೇ. ಭೋರ್‌ನಿಂದ ವರಂಧಾ ಘಾಟ್ ಇಳಿದರೆ ಮಹಾಡ್, ಕೊಂಕಣ. ಘಟ್ಟದ ಕೆಳಗಿನ ಸುಧಾಗಡ ತಾಲೂಕು ಕೂಡ ಭೋರ್ ಸಂಸ್ಥಾನಕ್ಕೇ ಸೇರಿತ್ತು. ಆ ಕೊಲಾಬಾ ಜಿಲ್ಲೆಯ ಹಳ್ಳಿಗಳಲ್ಲಿ ಬೆನೆ ಇಸ್ರೇಲರು ತಲೆಮಾರುಗಳಿಂದ ಗಾಣ ಹೊಡೆದರು. ಶನಿವಾರ ಗಾಣ ಕಟ್ಟದ ಕಾರಣ ಊರವರು ಅವರನ್ನು ‘ಶನಿವಾರ ತೇಲಿ’ ಎಂದರು. ಅಡ್ಡಹೆಸರಿನಲ್ಲೇ ಅವರ ಸಬ್ಬತ್ ಉಳಿಯಿತು. ಮಾತು ಮರಾಠಿ, ಮನೆತನದ ಹೆಸರು ಊರಿನದು: ಪೇಣಕರ್, ದಿವೇಕರ್, ನಾಗಾವ್ಕರ್. ಬೆಂಗಳೂರಿನ ಮೈಸೂರು ರಸ್ತೆಯ ಯಹೂದಿ ಸ್ಮಶಾನದ ಹಳೆಯ ಸಮಾಧಿಗಳಲ್ಲಿ ಒಂದು ನಾಗಾವ್ಕರ್ ಎಂಬ ಸುಬೇದಾರರದೇ. ಇದು ನಮ್ಮ ಹೆಮ್ಮೆಗೆ ಒಳ್ಳೆಯ ಆಧಾರ, ಒಪ್ಪುತ್ತೇನೆ. ಜಾತಿಯ ಏಣಿಯಲ್ಲಿ ಒಂದು ಮೆಟ್ಟಿಲನ್ನು ಒಪ್ಪಿಕೊಂಡು ಸುಮ್ಮನಿದ್ದವರನ್ನು ನಾವು ಸಹಿಸಿಕೊಂಡೆವು ಎಂಬ ಮಾತನ್ನೂ ಅದರ ಪಕ್ಕ ಬರೆದಿಡಬೇಕು, ಅಷ್ಟೆ.

ಇನ್ನು ಓಡಿಬಂದವರ ಗತಿ. ಭೋರ್ ಪಕ್ಕದ ರೋಹಿಡಾ ಕೋಟೆ ಹತ್ತಿದರೆ, ಆಕಾಶ ತಿಳಿಯಾಗಿದ್ದ ದಿನ ಪುರಂದರ ಕಾಣುತ್ತದೆ. 1665ರ ಒಪ್ಪಂದಕ್ಕಾಗಿ ನಾವು ನೆನೆಯುವ ಕೋಟೆ. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷರು ಅದರ ಮೇಲೆ ಜರ್ಮನ್ ಪೌರರನ್ನು ಇರಿಸಿದ್ದರು. ಮಿಷನರಿಗಳಿದ್ದರು, ಹೆಂಗಸರು ಮಕ್ಕಳಿದ್ದರು, ಹಿಟ್ಲರನಿಂದ ಜೀವ ಉಳಿಸಿಕೊಂಡು ಬಂದ ಯಹೂದಿಗಳೂ ಇದ್ದರು. 1939ರ ಸೆಪ್ಟೆಂಬರ್‌ನಲ್ಲಿ ಯುದ್ಧ ಶುರುವಾದ ಕೂಡಲೇ ಅಹಮದನಗರದ ಶಿಬಿರದಲ್ಲಿ ನಾಜಿಗಳನ್ನೂ ನಾಜಿಗಳಿಂದ ಓಡಿಬಂದವರನ್ನೂ ಒಂದೇ ಬೇಲಿಯೊಳಗೆ ಹಾಕಿದ್ದರು. ಕಾಗದದಲ್ಲಿ ಇಬ್ಬರೂ ಜರ್ಮನರು, ಶತ್ರು ದೇಶದವರು. ವಿಚಾರಣೆ ನಡೆದ ಮೇಲೆ ಬಹುಪಾಲು ಯಹೂದಿಗಳನ್ನು ಬಿಟ್ಟರು. 1941ರ ನವೆಂಬರ್‌ನಲ್ಲಿ ಜರ್ಮನಿ ಹೊರದೇಶದಲ್ಲಿದ್ದ ಯಹೂದಿಗಳ ಪೌರತ್ವವನ್ನೇ ಕಿತ್ತುಕೊಂಡಿತು. ಜರ್ಮನರೆಂದು ಇಲ್ಲಿ ಕೂಡಿಹಾಕಿದ್ದವರು ಅಲ್ಲಿ ಜರ್ಮನರಲ್ಲ ಎಂದಾಯಿತು.

ಕಾರ್ಖಾನೆಯ ಹುಡುಗರೊಂದಿಗೆ ನಾಲ್ಕಾರು ಸಲ ರೋಹಿಡಾ ಹತ್ತಿದ್ದೇನೆ. ಪುರಂದರ ತೋರಿಸಿ ಶಿವಾಜಿಯ ಕಥೆ ಹೇಳುವವರು ಇದ್ದೇ ಇರುತ್ತಾರೆ. ಈ ಕಥೆ ಹೇಳಿದವರನ್ನು ನಾನು ಕಂಡಿಲ್ಲ.

ಈಗ ಕಾದಂಬರಿಯ ಕೊನೆಯ ಭಾಗ. ಇಸ್ರೇಲಿಗೆ ಹೋದ ಅನಿತಾ, ತನ್ನವರು ಉಂಡ ನೋವಿನಿಂದ ಕಟ್ಟಿದ ದೇಶದಲ್ಲಿ ಪ್ಯಾಲೆಸ್ಟೀನಿಯರ ನೋವನ್ನು ಕಾಣುತ್ತಾಳೆ. ಈ ಪುಟಗಳನ್ನು ಕೆಲವರು ಉಪದೇಶವೆಂದರು. ನನಗಂತೂ ಲೇಖಕಿಯ ಧೈರ್ಯ ಇಲ್ಲಿ ಎದ್ದು ಕಾಣುತ್ತದೆ. ಸಂತ್ರಸ್ತರನ್ನು ದೇವರ ಮನೆಯಲ್ಲಿ ಕೂರಿಸದೆ ಮನುಷ್ಯರಾಗಿ ನೋಡುತ್ತಾರೆ. ನಮ್ಮ ಕೊಂಕಣದ ಬೆನೆ ಇಸ್ರೇಲರೇ ಅಲ್ಲಿಗೆ ಹೋದ ಮೇಲೆ, ಮದುವೆಗೆ ಮುಂಚೆ ಇವರ ಹಿಂದಿನ ತಲೆಮಾರುಗಳನ್ನು ವಿಚಾರಿಸಿ ಎಂದು 1962ರಲ್ಲಿ ಅಲ್ಲಿನ ಮುಖ್ಯ ರಬ್ಬಿಗಳು ಸೂಚನೆ ಹೊರಡಿಸಿದ್ದರು. ಪ್ರತಿಭಟನೆಯ ನಂತರ 1964ರಲ್ಲಿ ಅದನ್ನು ಬದಲಿಸಬೇಕಾಯಿತು. ಅಜ್ಜ ಅಜ್ಜಿಯರನ್ನು ಎಣಿಸುವ ಚಟ ಎಲ್ಲಿಗೆ ಬೇಕಾದರೂ ವಲಸೆ ಹೋಗುತ್ತದೆ. ಮತ್ತೊಂದು ಸಂಗತಿ: ಪುಸ್ತಕ ಬಂದ ಮರುವರ್ಷ, 2008ರ ನವೆಂಬರ್‌ನಲ್ಲಿ, ಮುಂಬೈಯ ನರೀಮನ್ ಹೌಸ್‌ನಲ್ಲಿ ಯಹೂದಿಗಳನ್ನು ಹುಡುಕಿ ಬಂದು ಕೊಂದರು. ಇಲ್ಲಿ ಅವರಿಗೆ ಯಾವ ಭಯವೂ ಇಲ್ಲ ಎಂಬ ಮಾತನ್ನು ಅಂದಿನಿಂದ ಹಳೆಯ ಧಾಟಿಯಲ್ಲಿ ಹೇಳಲಾಗುವುದಿಲ್ಲ.

ದೋಷಗಳ ಬಗ್ಗೆಯೂ ಒಂದು ಮಾತು. ನೇಮಿಚಂದ್ರ ನಮ್ಮ ಒಳ್ಳೆಯ ಪ್ರವಾಸಕಥನಕಾರರು. ಆ ಅಭ್ಯಾಸ ಕಾದಂಬರಿಯೊಳಗೂ ಬಂದಿದೆ. ಅಂಕಿ, ಇಸವಿ, ಶಿಬಿರದ ವಿವರ ಬಂದಾಗಲೆಲ್ಲ ಪಾತ್ರ ಪಕ್ಕಕ್ಕೆ ಸರಿದು ಮಾಹಿತಿಗೆ ದಾರಿ ಬಿಡುತ್ತದೆ. ಎರಡನೇ ಓದಿನಲ್ಲಿ ಡಕಾವ್ ಪುಟಗಳಲ್ಲಿ ನಾನು ಅಂಚಿನಲ್ಲಿ ಪೆನ್ಸಿಲಿನಿಂದ ‘ಇಲ್ಲಿ ಹ್ಯಾನಾ ಎಲ್ಲಿ?’ ಎಂದು ಬರೆದಿದ್ದೆ. ಹುಡುಗನಿಗೆ ಅದನ್ನೇ ಹೇಳಿದೆ. ಅವನು ಒಪ್ಪಲಿಲ್ಲ. “ಕಥಿ ಆದ್ರ ಸುಳ್ಳಿರಬಹುದು ಅನಸ್ತಿತ್ರಿ. ಆ ಹಾಳಿ ಓದಿದ ಮ್ಯಾಲನ ಆ ಇನ್ನೊಂದು ಪುಸ್ತಕ ಮುಚ್ಚಿಟ್ಟೆ” ಎಂದ. ವಿಮರ್ಶೆಯ ಪಾಠದಲ್ಲಿ ನಮಗೆ ಕಲಿಸಿದ್ದಕ್ಕೆ ಇದು ಸರಿಹೊಂದುವುದಿಲ್ಲ. ಆದರೂ ಪೆನ್ಸಿಲಿನ ಬರಹ ಅಳಿಸಿದೆ.

ಹೆಸರಿನ ಪ್ರಶ್ನೆಯನ್ನು ಅವನ ಮುಂದಿಟ್ಟಾಗ ತಡಮಾಡಿ ಉತ್ತರಿಸಿದ. ಕೊರಳಲ್ಲಿದ್ದ ಗೇಟ್ ಪಾಸ್ ಮುಂದೆ ಹಿಡಿದ. ಅದರಲ್ಲಿ ಅವನ ಮನೆತನದ ಹೆಸರನ್ನು ಮರಾಠಿಯ ರೂಢಿಗೆ ತಿದ್ದಿ ಅಚ್ಚು ಹಾಕಿದ್ದರು. ಸರಿಮಾಡಿಸಬೇಕಿತ್ತು ಎಂದೆ. “ಹೀಂಗಿದ್ರ ಎಲ್ಲಿಂದ ಬಂದಿ ಅಂತ ಯಾರೂ ಕೇಳೂದಿಲ್ರಿ, ಆರಾಮ ಐತಿ” ಎಂದು ನಕ್ಕ. ನಕ್ಕವನು ಹಾಗೇ ಪಾಸನ್ನು ತಿರುಗಿಸಿ ನೋಡುತ್ತ ಕೂತ.

ಪುಸ್ತಕ ಇನ್ನೂ ನನ್ನ ಕೈಗೆ ಬಂದಿಲ್ಲ. ಅವನ ರೂಮಿನವನು ಓದುತ್ತಿದ್ದಾನಂತೆ.