ಶೇಫಪ್ರಮಾಣ ವಿಚಾರ

ಚರಕಸಂಹಿತೆಯ ವಿಮಾನಸ್ಥಾನದಲ್ಲಿ ಶೇಫದ ಉದ್ದವು 6 ಅಂಗುಲ, ಸುತ್ತಳತೆಯು 5 ಅಂಗುಲವೆಂದಿದೆ. ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿ ಅದೇ ಅಂಗಕ್ಕೆ 4 ಅಂಗುಲ. ಇದರಿಂದ ಆಚಾರ್ಯರಲ್ಲಿ ಪರಸ್ಪರ ವಿರೋಧವನ್ನು ಆರೋಪಿಸುವುದೂ, ಕನ್ನಡದಲ್ಲಿ ಈಗ ಅಂಗುಲವೆಂದರೆ ಇಂಚೆಂಬ ರೂಢಿಯನ್ನು ಅವರ ಮೇಲೆ ಹೇರುವುದೂ ಸಮಂಜಸವಲ್ಲ. ಇಬ್ಬರೂ ಹೇಳಿರುವುದು ಸ್ವಾಂಗುಲವನ್ನು, ಎಂದರೆ ಅಳೆಯಲ್ಪಡುವವನ ಬೆರಳನ್ನೇ. ಹಳಿಯಾಳದ ಸಂತೆಯಲ್ಲಿ ಹೂಮಾಲೆ ಕೊಳ್ಳುವವರೂ ಮೊಳವು ಯಾರ ಕೈಯದೆಂದು ನೋಡುತ್ತಾರೆ, ಪಂಡಿತರು ನೋಡದಿರಬಹುದೆ?

ಆದರೂ ನ್ಯೂನತೆಯೊಂದುಂಟು. ಅಳತೆಯು ಎಲ್ಲಿಂದ ಆರಂಭವಾಗಬೇಕು, ಅಂಗವು ಯಾವ ಅವಸ್ಥೆಯಲ್ಲಿರಬೇಕು ಎಂಬುದು ಆ ವಾಕ್ಯಗಳಲ್ಲಿ ಉಕ್ತವಾಗಿಲ್ಲ. ಆಧುನಿಕ ವೈದ್ಯರು ಇದನ್ನೇ ಮೊದಲು ನಿರ್ಣಯಿಸುತ್ತಾರೆ. ಸಡಿಲವಾದುದು, ಎಳೆದುದು, ಉದ್ರಿಕ್ತವಾದುದು ಎಂದು ಅವಸ್ಥೆಗಳು ಮೂರು. ಮೇದಸ್ಸು ಮರೆಮಾಡದಂತೆ ಅಳತೆಪಟ್ಟಿಯನ್ನು ಬುಡದ ಎಲುಬಿಗೆ ಒತ್ತಿ ತುದಿಯವರೆಗೆ ಅಳೆಯುವುದು ಕ್ರಮ. 2015ರಲ್ಲಿ ಲಂಡನ್ನಿನ ಡೇವಿಡ್ ವೀಲ್ ಮೊದಲಾದವರು 15,521 ಪುರುಷರವರೆಗಿನ ಅಳತೆಗಳನ್ನು ಕ್ರೋಡೀಕರಿಸುವಾಗ, ವೈದ್ಯವೃತ್ತಿಯವರು ಅಳೆದವನ್ನಷ್ಟೇ ಸ್ವೀಕರಿಸಿ, ಜನರು ತಾವೇ ಅಳೆದು ಹೇಳಿದವನ್ನು ಬಿಟ್ಟರು. ಉದ್ರಿಕ್ತಾವಸ್ಥೆಯ ಸರಾಸರಿ 13.12 ಸೆಂಟಿಮೀಟರ್ ಎಂದು ತೋರಿತು.

ಕ್ರಮವನ್ನು ಹೇಳದ ಸಂಖ್ಯೆಯು ಪ್ರಮಾಣವಲ್ಲ. ಅಂತಹುದನ್ನು ನಂಬಿ ಕೊರಗುವ ತರುಣರುಂಟು. ಆದುದರಿಂದ ಪ್ರಾಚೀನ ಗ್ರಂಥಗಳನ್ನು ಕನ್ನಡಿಸುವವರು ಬರಿಯ ಅಂಗುಲವೆನ್ನದೆ ಸ್ವಾಂಗುಲವೆಂದೇ ಬರೆಯತಕ್ಕದ್ದು.