ಬೀಡು, ವೀಡು, ಮನೆ: ನಗರವಾಸಿ ಕನ್ನಡಿಗನ ಕಥನವನ್ನು ಕುರಿತು

ಕನ್ನಡದಲ್ಲಿ 'ಬೀಡು' ಎಂಬುದೊಂದು ಹಳೆಯ ಶಬ್ದ. ಬಿಡು ಧಾತುವಿನಿಂದ ಬಂದ ಈ ಶಬ್ದಕ್ಕೆ ದಂಡು ಇಳಿದ ಸ್ಥಳ, ಪಯಣದ ನಡುವಣ ತಂಗುದಾಣ ಎಂಬ ಅರ್ಥಗಳಿವೆ. ಅರಸನು ಅಲ್ಲಿ ಸ್ಥಿರವಾಗಿ ನಿಂತರೆ ಅದು ನೆಲೆವೀಡು. ಕಾಲ ಕಳೆದು ಪಾಳುಬಿದ್ದರೆ ಹಳೇಬೀಡು. ಇದರ ಜ್ಞಾತಿಶಬ್ದವಾದ 'ವೀಡು' ತಮಿಳಿನಲ್ಲಿ ಮನೆಗೆ ನಿತ್ಯವ್ಯವಹಾರದ ಹೆಸರು. ಇತ್ತ ನಮ್ಮ 'ಮನೆ'ಗೆ ಜ್ಞಾತಿಯಾದ ತಮಿಳಿನ 'ಮನೈ' ಪ್ರಾಚೀನ ಕಾವ್ಯದಲ್ಲಿ ಗೃಹವನ್ನೂ ಗೃಹಿಣಿಯನ್ನೂ ಸೂಚಿಸುತ್ತಿದ್ದರೂ ಇಂದಿನ ಮಾರಾಟದ ಫಲಕಗಳಲ್ಲಿ ಬರಿಯ ನಿವೇಶನವನ್ನು, ಗೋಡೆಯೇಳದ ನೆಲವನ್ನು ಹೇಳುತ್ತದೆ. ಚೆನ್ನೈಗೆ ಹೊಸದಾಗಿ ಬಂದ ಕನ್ನಡಿಗನು ಆ ಫಲಕವನ್ನು ಓದಿ ಮನೆಯೆಂದು ತಿಳಿದು ಹೋದರೆ ಅವನಿಗೆ ಕಾಣುವುದು ನಾಲ್ಕು ಗಡಿಕಲ್ಲುಗಳು ಮಾತ್ರ. ಒಬ್ಬರ ಮನೆ ಇನ್ನೊಬ್ಬರ ತಂಗುದಾಣ. ಒಬ್ಬರ ತಂಗುದಾಣ ಇನ್ನೊಬ್ಬರ ಮನೆ. ಎರಡು ಸೋದರಭಾಷೆಗಳ ನಡುವಣ ಈ ಅರ್ಥಪಲ್ಲಟವು ನಿಘಂಟಿನ ಕುತೂಹಲವಾಗಿ ಮಾತ್ರ ಉಳಿಯದೆ, ನಗರವಾಸಿ ಕನ್ನಡಿಗನನ್ನು ಕುರಿತ ನಮ್ಮ ಕಥನಸಾಹಿತ್ಯವನ್ನು ಪರೀಕ್ಷಿಸಲು ಒಂದು ಒರೆಗಲ್ಲೂ ಆಗಬಲ್ಲದು. ಆ ಸಾಹಿತ್ಯವು ನಗರದಲ್ಲಿ ಕಂಡದ್ದು ಬೀಡನ್ನೋ, ಮನೆಯನ್ನೋ?

ಪರೀಕ್ಷೆಗೆ ಅಣ್ಣಾ ನಗರಕ್ಕಿಂತ ಉಚಿತವಾದ ಸ್ಥಳ ದುರ್ಲಭ. ನಡುವಕ್ಕರೈ, ಮುಳ್ಳಂ ಮೊದಲಾದ ಹಳ್ಳಿಗಳ ನೆಲದಲ್ಲಿ 1968ರಲ್ಲಿ ಒಂದು ಅಂತರರಾಷ್ಟ್ರೀಯ ವಾಣಿಜ್ಯ ಮೇಳ ನಡೆಯಿತು. ಮೇಳವೆಂದರೆ ಬೀಡೇ ಸರಿ. ನಾಲ್ಕು ದಿನ ಇಳಿದು ಏಳುವಂಥದು. ಮೇಳ ಎದ್ದಿತು, ನಗರ ಉಳಿಯಿತು. 1961ರಲ್ಲಿ ಸ್ಥಾಪಿತವಾದ ಗೃಹಮಂಡಳಿಯು ಆ ನೆಲವನ್ನು ಅಳೆದು, ಚೌಕಟ್ಟು ಹಾಕಿ, ಅಗಲವಾದ ಅವೆನ್ಯೂಗಳನ್ನು ಎಳೆದು, ಆದಾಯಕ್ಕೆ ತಕ್ಕಂತೆ ನಿವೇಶನಗಳನ್ನೂ ಮನೆಗಳನ್ನೂ ಹಂಚಿತು. ಇಲ್ಲಿ ದೇವಾಲಯದ ಸುತ್ತ ತಾನಾಗಿ ಬೆಳೆದ ಮಾಡಬೀದಿಯಿಲ್ಲ, ಅಗ್ರಹಾರವಿಲ್ಲ. ಬೀದಿಗೆ ಅಂಕಿ, ಬ್ಲಾಕಿಗೆ ಅಕ್ಷರ. ಆದುದರಿಂದ ತಮಿಳರೊಡನೆ ತೆಲುಗರು, ಮಲಯಾಳಿಗಳು, ಮಾರವಾಡಿಗಳು, ಗುಜರಾತಿಗಳು, ಕನ್ನಡಿಗರು ಎಲ್ಲರೂ ಹೆಚ್ಚುಕಡಮೆ ಸಮಾನವಾಗಿ ಹೊಸಬರಾಗಿಯೇ ಇಲ್ಲಿಗೆ ಬಂದರು. ಹೆಚ್ಚುಕಡಮೆ ಎಂಬ ಮಾತನ್ನು ಬೇಕೆಂದೇ ಬಳಸಿದೆ; ನಡುವಕ್ಕರೈಯ ಮೂಲನಿವಾಸಿಗಳು ಹೊಸಬರಾಗಿರಲಿಲ್ಲ, ಅವರ ಊರಿನ ಹೆಸರು ಇಂದಿಗೂ ಆ ಚೌಕಟ್ಟಿನ ಒಂದು ಮೂಲೆಯಲ್ಲಿ ಉಳಿದುಕೊಂಡಿದೆ.

ಮೇಳದ ನೆನಪಿಗೆ ಉಳಿದ ಹನ್ನೆರಡು ಅಂತಸ್ತಿನ ಗೋಪುರವನ್ನು ಉದ್ಘಾಟಿಸಿದವರು ಅಂದಿನ ಮುಖ್ಯಮಂತ್ರಿ ಸಿ. ಎನ್. ಅಣ್ಣಾದುರೈ. ಬಡಾವಣೆಗೆ ಅವರ ಹೆಸರಾಯಿತು. ಗೋಪುರದ ಅಧಿಕೃತ ನಾಮವಾದರೋ ಸರ್ ಎಂ. ವಿಶ್ವೇಶ್ವರಯ್ಯನವರದು. ಈ ಸಂಗತಿಯನ್ನು ಕನ್ನಡ ಸಂಘಗಳ ಭಾಷಣಗಳಲ್ಲಿ ಅಭಿಮಾನದಿಂದ ಸ್ಮರಿಸುವುದುಂಟು, ಅಭಿಮಾನಪಡುವುದರಲ್ಲಿ ತಪ್ಪಿಲ್ಲ. ಆದರೆ ಬಳಕೆಯಲ್ಲಿ ಅದು 'ಟವರ್' ಮಾತ್ರವಾಗಿದೆ. 2017ರಲ್ಲಿ ಬಂದ ಮೆಟ್ರೋ ನಿಲ್ದಾಣದ ಹೆಸರೂ ಹಾಗೆಯೇ. ನಗರದಲ್ಲಿ ಹೆಸರು ಕೆತ್ತಿಸಿಕೊಳ್ಳುವುದು ಬೇರೆ, ನಗರದ ಬಾಯಲ್ಲಿ ನೆಲೆಸುವುದು ಬೇರೆ.

ಇನ್ನು ಸಾಹಿತ್ಯಕ್ಕೆ ಬರೋಣ. ನವೋದಯದ ಕಾದಂಬರಿಗೆ ನಗರವು ಪ್ರಾಯಶಃ ಬೀಡೇ ಆಗಿತ್ತು. ಕಾರಂತರ 'ಮರಳಿ ಮಣ್ಣಿಗೆ' (1942) ಮೂರು ತಲೆಮಾರುಗಳ ಕಥೆ. ಅದರಲ್ಲಿ ನಗರಕ್ಕೆ ಹೋಗುವವರಿದ್ದಾರೆ, ಹೋಟೆಲಿಟ್ಟು ಹಣ ಗಳಿಸುವವರಿದ್ದಾರೆ. ಆದರೆ ಕೃತಿಯ ಹೃದಯವಿರುವುದು ಮೂರನೆಯ ತಲೆಮಾರಿನ ರಾಮನು ಕಡಲ ತಡಿಯ ಮಣ್ಣಿಗೆ ಮರಳುವುದರಲ್ಲಿ. ಮರಳದವರ ಮನೆಯೊಳಗೆ ಕಾದಂಬರಿ ಬಹಳ ಹೊತ್ತು ನಿಲ್ಲುವುದಿಲ್ಲ. ಇದು ಕಾರಂತರ ದೋಷವೆಂದಲ್ಲ, ಅವರ ವಸ್ತುವೇ ಅದು. ಆದರೆ ಅನಂತರದ ಎಷ್ಟೋ ಬರಹಗಾರರು ಅವರ ಮಹತ್ತನ್ನು ಬಿಟ್ಟು ಆ ದಿಕ್ಕನ್ನಷ್ಟೇ ತೆಗೆದುಕೊಂಡರು: ಹೊರನಾಡಿನ ಕನ್ನಡಿಗನೆಂದರೆ ಮರಳಲು ಹಂಬಲಿಸುವವನು, ಅವನ ಬರಹವೆಂದರೆ ತವರಿನ ಸ್ಮರಣೆ ಎಂಬ ರೂಢಿ ಬೆಳೆಯಿತು. ಗೃಹಮಂಡಳಿಯ ನೌಕರರೂ ಆಗಿದ್ದ ಕೆ. ಎಸ್. ನರಸಿಂಹಸ್ವಾಮಿಯವರು 1960ರ ತಮ್ಮ ಕವನಸಂಕಲನಕ್ಕೆ 'ಮನೆಯಿಂದ ಮನೆಗೆ' ಎಂದು ಹೆಸರಿಟ್ಟಾಗ ಆ ರೂಢಿಯಿಂದ ಹೊರಬರುವ ಒಂದು ದಾರಿ ತೋರಿತ್ತು. ಊರಿನಿಂದ ನಗರಕ್ಕಲ್ಲ, ನಗರದಿಂದ ಊರಿಗೂ ಅಲ್ಲ, ಮನೆಯಿಂದ ಮನೆಗೆ. ಬಾಡಿಗೆದಾರನ ಜೀವನಚರಿತ್ರೆಯನ್ನು ಇದಕ್ಕಿಂತ ಸಂಕ್ಷೇಪವಾಗಿ ಬರೆಯುವುದು ಕಷ್ಟ.

ಆ ದಾರಿಯಲ್ಲಿ ನಿಜವಾಗಿ ನಡೆದುದು ಮುಂಬಯಿಯ ಕನ್ನಡ. ಯಶವಂತ ಚಿತ್ತಾಲ, ವ್ಯಾಸರಾಯ ಬಲ್ಲಾಳ, ಜಯಂತ ಕಾಯ್ಕಿಣಿ ಇವರ ಕೃತಿಗಳಲ್ಲಿ ನಗರವು ಹಿನ್ನೆಲೆಯ ಪರದೆಯಾಗಿರದೆ ಬದುಕಿನ ಶರತ್ತೇ ಆಗಿ ಬರುತ್ತದೆ. ಚಿತ್ತಾಲರ 'ಶಿಕಾರಿ' (1979)ಯ ನಾಗಪ್ಪನು ರಾಸಾಯನಿಕ ಉದ್ಯಮದ ಅಧಿಕಾರಿ. ಹುದ್ದೆಯಿದೆ, ವಸತಿಯಿದೆ, ಪರಿಚಿತರಿದ್ದಾರೆ. ಕಂಪನಿಯ ವಿಚಾರಣೆಗೆ ಗುರಿಯಾದ ಕ್ಷಣದಲ್ಲಿ ಇವೆಲ್ಲವೂ ಸೇರಿ ಒಂದು ಆಶ್ರಯವನ್ನು ಕೊಡಲಾರವೆಂದು ಅವನಿಗೆ ತಿಳಿಯುತ್ತದೆ. ಮನೆಯೂ ಬೀಡಾಗಿಬಿಡುವ ಭಯವನ್ನು ಕನ್ನಡದಲ್ಲಿ ಇಷ್ಟು ತೀಕ್ಷ್ಣವಾಗಿ ಬರೆದವರಿಲ್ಲ. ಆದರೂ ಒಂದು ಆಕ್ಷೇಪವನ್ನು ಹೇಳಲೇಬೇಕು. ನಾಗಪ್ಪನ ಶಂಕೆಯ ಬೆಳಕಿನಲ್ಲಿ ನೆರೆಹೊರೆಯವರೆಲ್ಲ ಸಂಚಿನ ಪಾತ್ರಧಾರಿಗಳಂತೆ ಕಾಣುತ್ತಾರೆ. ಅವರಿಗೂ ಬಾಡಿಗೆಯ ಚಿಂತೆ, ನೀರಿನ ಚಿಂತೆ ಇದ್ದೀತೆಂಬುದು ಕಾದಂಬರಿಯ ಅಂಚಿಗೆ ಸರಿಯುತ್ತದೆ. 

ಕಾಯ್ಕಿಣಿಯವರಲ್ಲಿ ಇದು ತಲೆಕೆಳಗಾಗಿದೆ. ಅವರ 'ನೋ ಪ್ರೆಸೆಂಟ್ಸ್ ಪ್ಲೀಸ್' ಕಥೆಯಲ್ಲಿ ಪೋಪಟ್ ಮತ್ತು ಅಸಾವರಿ ಇಬ್ಬರೂ ಅನಾಥರು. ಮದುವೆಯ ಕರೆಯೋಲೆಯಲ್ಲಿ ಯಾರ ಹೆಸರನ್ನು, ಯಾವ ಮನೆತನವನ್ನು ಅಚ್ಚು ಹಾಕಿಸಬೇಕೆಂಬುದೇ ಅವರ ಸಮಸ್ಯೆ. ಮನೆತನವಿಲ್ಲದವರು ಮನೆ ಹೂಡಲು ಹೊರಟಿದ್ದಾರೆ. ಪಾತ್ರಗಳು ಕನ್ನಡಿಗರಲ್ಲ, ಕಥೆ ಕನ್ನಡದ್ದು, ಇದನ್ನು ಗಮನಿಸಬೇಕು. ವಲಸೆಯ ಸಾಹಿತ್ಯವು ತನ್ನ ಜನರನ್ನು ಬಿಟ್ಟು ನೆರೆಯವನ ಬಾಗಿಲು ತಟ್ಟಿದ ಅಪೂರ್ವ ಸಂದರ್ಭ ಅದು. ಈ ಕಥೆಗಳ ಇಂಗ್ಲಿಷ್ ಅನುವಾದಕ್ಕೆ ದಕ್ಷಿಣ ಏಷ್ಯದ ಸಾಹಿತ್ಯಕ್ಕೆ ಮೀಸಲಾದ 2018ರ ಸಾಲಿನ ಡಿಎಸ್‌ಸಿ ಪ್ರಶಸ್ತಿ ಬಂದುದು ಉಚಿತವೇ. ಆದರೆ ಇಲ್ಲಿಯೂ ಒಂದು ಕೊರತೆಯಿದೆ. ಕಾಯ್ಕಿಣಿಯವರ ಮಮತೆ ಎಷ್ಟು ವ್ಯಾಪಕವೆಂದರೆ ಅದರಲ್ಲಿ ಮನೆಯ ಯಜಮಾನ ಕರಗಿಹೋಗುತ್ತಾನೆ. ಬಾಗಿಲು ತೆರೆಯುವ ನಗರವನ್ನು ಅವರು ಬಲ್ಲಷ್ಟು, ಬಾಗಿಲು ಮುಚ್ಚುವ ಕೈಯನ್ನು ದಿಟ್ಟಿಸುವುದಿಲ್ಲ.

ಆ ಕೈಯೇ ಪ್ರಕೃತ ವಿಷಯ. ಅಣ್ಣಾ ನಗರದಂಥ ಬಡಾವಣೆಯಲ್ಲಿ ಮನೆ ಹುಡುಕುವ ಕ್ರಮವನ್ನು ಅನುಭವಸ್ಥರೆಲ್ಲ ಬಲ್ಲರು. ದಲ್ಲಾಳಿ, ಒಂದು ತಿಂಗಳ ಬಾಡಿಗೆಯಷ್ಟು ಅವನ ಕಮಿಷನ್, ಹನ್ನೊಂದು ತಿಂಗಳ ಕರಾರು, ಮುಂಗಡ. ಮುಂಗಡಕ್ಕೆ ತಮಿಳುನಾಡಿನ 2017ರ ಬಾಡಿಗೆ ಕಾಯಿದೆ, 2019ರಲ್ಲಿ ಜಾರಿಗೆ ಬಂದು, ಮೂರು ತಿಂಗಳ ಮಿತಿಯನ್ನು ಹಾಕಿತು. ಬೇರೆ ಕರಾರು ಇಲ್ಲದ ಪಕ್ಷದಲ್ಲಿ, ಎಂಬ ಷರತ್ತಿನೊಡನೆ. ಲೆಕ್ಕ ಬಲ್ಲವರಿಗೆ ಆ ಷರತ್ತಿನ ಬೆಲೆ ತಿಳಿಯದಿರದು. ಅದಿರಲಿ, ಹೊಸ್ತಿಲಲ್ಲಿ ಕೇಳುವ ಪ್ರಶ್ನೆಗಳು ಕಾಯಿದೆಯ ವಿಷಯವಲ್ಲ. ಅಡಿಗೆಮನೆಯಲ್ಲಿ ಏನು ಬೇಯುತ್ತದೆ, ಹೆಸರಿನ ಹಿಂದೆ ಏನಿದೆ, ದೇವರ ಕೋಣೆಯಲ್ಲಿ ಯಾರಿದ್ದಾರೆ ಎಂಬುದನ್ನು 'ಸಸ್ಯಾಹಾರಿಗಳಿಗೆ ಮಾತ್ರ' ಎಂಬ ಎರಡು ಪದಗಳ ವಿನಯದಲ್ಲಿ ವಿಚಾರಿಸಿಕೊಳ್ಳಲಾಗುತ್ತದೆ. ಅಯ್ಯಪ್ಪನ ಗುಡಿ, ಇಗರ್ಜಿ, ಮಸೀದಿ ಎಲ್ಲವೂ ಇರುವ ಬಡಾವಣೆಯ ಬೀದಿ ಎಲ್ಲರದು. ಮಹಡಿಯ ಮೆಟ್ಟಿಲು ಎಲ್ಲರದಲ್ಲ.

ಈ ಪ್ರಶ್ನೆಯ ಪೂರ್ಣ ಕ್ರೌರ್ಯವನ್ನು ಭಾರತೀಯ ಗದ್ಯದಲ್ಲಿ ಬರೆದವರು ಅಂಬೇಡ್ಕರರು. ವಿದೇಶದಲ್ಲಿ ಓದಿ ಬರೋಡ ಸಂಸ್ಥಾನದ ಸೇವೆಗೆ ಬಂದ ಅವರಿಗೆ 1917ರಲ್ಲಿ ಆ ನಗರದಲ್ಲಿ ಮನೆ ದೊರೆಯಲಿಲ್ಲ. ಪಾರ್ಸಿ ವಸತಿಗೃಹದಲ್ಲಿ ಪಾರ್ಸಿ ಹೆಸರಿನಿಂದ ತಂಗಿದ್ದರು. ಗುಟ್ಟು ಬಯಲಾದಾಗ ಕೋಲು ಹಿಡಿದ ಗುಂಪು ಬಂದು ಹೊರಡಿಸಿತು. ಮುಂದೆ 'ವೇಟಿಂಗ್ ಫಾರ್ ಎ ವೀಸಾ' ಎಂಬ ಕಿರುಬರಹದಲ್ಲಿ ಅವರು ಇದನ್ನು ಅಲಂಕಾರವಿಲ್ಲದೆ ದಾಖಲಿಸಿದರು. ಸ್ವಂತ ನಾಡಿನಲ್ಲಿ ರಹದಾರಿಗಾಗಿ ಕಾಯುವುದು ಎಂಬ ಆ ಶೀರ್ಷಿಕೆಯ ಮುಂದೆ ನಮ್ಮ ತವರಿನ ಹಂಬಲದ ಪದ್ಯಗಳನ್ನು ಇಟ್ಟು ನೋಡಬೇಕು. ಹಂಬಲಿಸಲು ತವರಿರುವವನ ದುಃಖವೂ ಒಂದು ಆಸ್ತಿಯೇ.

ಮದರಾಸಿನ ಕನ್ನಡಕ್ಕೆ ಸಾಮಗ್ರಿಯ ಅಭಾವವಿರಲಿಲ್ಲ. 1956ರವರೆಗೆ ದಕ್ಷಿಣ ಕನ್ನಡಕ್ಕೆ ಇದೇ ರಾಜಧಾನಿ. ಮಂಜೇಶ್ವರದ ಗೋವಿಂದ ಪೈಗಳು ಇಲ್ಲಿ ಓದಿದರು. 1949ರಲ್ಲಿ ಅವರನ್ನು ರಾಷ್ಟ್ರಕವಿಯೆಂದು ಗೌರವಿಸಿದುದು ಮದರಾಸು ಸರ್ಕಾರ. ಉಡುಪಿಯ ಅಡಿಗೆಯವರು ಈ ನಗರದ ನಾಲಗೆಯನ್ನೇ ಬದಲಾಯಿಸಿದರು. ಕನ್ನಡ ಚಲನಚಿತ್ರ ದಶಕಗಳ ಕಾಲ ಕೋಡಂಬಾಕ್ಕದಲ್ಲಿ ಬೆಳೆಯಿತು. ಮದರಾಸು ವಿಶ್ವವಿದ್ಯಾನಿಲಯವು ಮರಿಯಪ್ಪ ಭಟ್ಟರು ಪರಿಷ್ಕರಿಸಿದ ಕಿಟ್ಟೆಲ್ ನಿಘಂಟನ್ನು ನಾಲ್ಕು ಸಂಪುಟಗಳಲ್ಲಿ ಹೊರತರತೊಡಗಿದುದು 1968ರಲ್ಲಿ, ಅಣ್ಣಾ ನಗರದ ಗೋಪುರ ಎದ್ದ ವರ್ಷದಲ್ಲಿಯೇ. ಶಾಸ್ತ್ರ ಬೆಳೆಯಿತು, ವ್ಯಾಪಾರ ಬೆಳೆಯಿತು, ಆದರೆ ಮುಂಬಯಿಯದಕ್ಕೆ ಹೋಲಿಸಬಹುದಾದ ಕಥನಪರಂಪರೆ ಇಲ್ಲಿ ಕಟ್ಟಲಿಲ್ಲ. ಕಾರಣವೇನು? ರಾಜಧಾನಿಯಾಗಿದ್ದ ಊರನ್ನು ಪರಊರೆಂದು ಕಾಣಲು ಮನಸ್ಸು ಒಪ್ಪದಿದ್ದುದು ಒಂದು ಕಾರಣವಾಗಿರಬಹುದು. ಹದಿಮೂರನೆಯ ಶತಮಾನದಲ್ಲಿ ಹೊಯ್ಸಳ ಸೋಮೇಶ್ವರನು ಶ್ರೀರಂಗದ ಬಳಿಯ ಕಣ್ಣನೂರಿನಲ್ಲಿ ನೆಲೆವೀಡು ಮಾಡಿಕೊಂಡಿದ್ದನ್ನು ಹೇಳಿ ಸಂತೋಷಪಡುವ ನಮ್ಮವರು ತಾವು ಬಾಡಿಗೆದಾರರೆಂಬುದನ್ನು ಬರೆಯಲು ಸಂಕೋಚಪಟ್ಟರು. ಬಲವಾದ ಕಾರಣ ಇನ್ನೊಂದು. ಮುಂಬಯಿಯ ಚಾಳಿನಲ್ಲಿ ಗೋಡೆ ತೆಳುವು, ನಲ್ಲಿ ಒಂದೇ. ನೆರೆಯವನನ್ನು ಬರೆಯದೆ ತನ್ನನ್ನು ಬರೆದುಕೊಳ್ಳುವುದು ಸಾಧ್ಯವಿರಲಿಲ್ಲ. ನಿವೇಶನಗಳ ಬಡಾವಣೆಯಲ್ಲಿ ಕಾಂಪೌಂಡು ಗೋಡೆಯಿದೆ. ಅಪಾರ್ಟುಮೆಂಟುಗಳ ಕಾಲದಲ್ಲಿ ಗೋಡೆ ಮತ್ತೆ ಒಂದಾಯಿತಾದರೂ ಬಾಗಿಲು ಮುಚ್ಚಿಯೇ ಇರುತ್ತದೆ. 2015ರ ಡಿಸೆಂಬರಿನ ಪ್ರವಾಹದಲ್ಲಿ, 2019ರ ಬೇಸಗೆಯ ನೀರಿನ ಬರದಲ್ಲಿ ಚೆನ್ನೈಯ ಅದೆಷ್ಟೋ ಬಾಗಿಲುಗಳು ತೆರೆದವು. ಕಥೆಗಾರನು ಒಳಹೊಗುವ ಮುನ್ನ ಮುಚ್ಚಿಕೊಂಡವು.

ಇನ್ನೂ ಒಂದು ಕಹಿಯಾದ ಮಾತಿದೆ. ಒಂದು ಕಾಲಕ್ಕೆ ಮೆಟ್ಟಿಲಲ್ಲಿ ನಿಂತು ಉತ್ತರ ಹೇಳಿದ ಕನ್ನಡಿಗನು ಬ್ಯಾಂಕಿನ ಸಾಲ ತೀರಿಸಿ ಈಗ ತಾನೇ ಯಜಮಾನನಾಗಿದ್ದಾನೆ. ಅವನು ಹೊಸಬನನ್ನು ಕೇಳುವ ಪ್ರಶ್ನೆಗಳು ಬೇರೆಯವೇ? ಅನೇಕ ಬಾರಿ ಅವೇ, ಅದೇ ಕ್ರಮದಲ್ಲಿ. ಭಾಷೆ ಮಾತ್ರ ಈಗ ಚೆನ್ನಾಗಿ ಪಳಗಿದ ತಮಿಳು. ಚಿತ್ತಾಲರ ಭಯವೂ ಕಾಯ್ಕಿಣಿಯವರ ಮಮತೆಯೂ ಮುಟ್ಟದೆ ಬಿಟ್ಟ ಪಾತ್ರ ಇವನು. ನಮ್ಮ ಸಂಘಗಳ ಕಥಾಸ್ಪರ್ಧೆಗಳಿಗೆ ಬರುವ ಬರಹಗಳಲ್ಲಿ ಇವನು ಕಾಣಿಸಿಕೊಳ್ಳದಿರುವುದಕ್ಕೆ ಕಾರಣ ಸರಳ: ಬರೆಯುವವನೂ, ತೀರ್ಪುಗಾರನೂ, ಸಭೆಯ ಮೊದಲ ಸಾಲಿನಲ್ಲಿ ಕುಳಿತವನೂ ಅವನೇ.

ಆ ಮನೆಯ ಮಕ್ಕಳ ವಿಷಯ ಬೇರೆ. ಅವರಿಗೆ ಕನ್ನಡವು ಮನೆಮಾತು. ಬಹುಮಟ್ಟಿಗೆ ಅಕ್ಷರವಿಲ್ಲದ ಮಾತು. ಗೆಳೆಯನೊಡನೆ 'ವೀಟ್ಟುಕ್ಕು ಪೋಗಣುಂ' ಎಂದು ಹೇಳಿ ಬೀದಿಯಿಂದ ಹೊರಡುವ ಹುಡುಗಿ, ಬಾಗಿಲು ತೆರೆದ ಅಜ್ಜಿಗೆ 'ಮನೆಗೆ ಬಂದೆ' ಎನ್ನುತ್ತಾಳೆ. ಬೀದಿಯಲ್ಲಿ ವೀಡಾಗಿದ್ದುದು ಹೊಸ್ತಿಲಲ್ಲಿ ಮನೆಯಾಗುತ್ತದೆ, ಅವಳಿಗೆ ಅರ್ಥದ ವ್ಯತ್ಯಾಸವೇ ತೋರುವುದಿಲ್ಲ. ಮೇಲಿನ ಮಹಡಿ ಆರು ತಿಂಗಳಿಂದ ಖಾಲಿಯಿರುವುದೇಕೆಂದು ಅವಳು ಎರಡು ಭಾಷೆಗಳಲ್ಲಿಯೂ ಕೇಳಬಲ್ಲಳು.