ಜಕ್ಕೂರಿನ ಜೊಂಡು

ಬೆಂಗಳೂರಿನಲ್ಲಿ ಹೆಬ್ಬಾಳ ದಾಟಿ ಯಲಹಂಕದ ಕಡೆ ಹೋಗುವಾಗ ಬಲಕ್ಕೆ ಜಕ್ಕೂರು ಕೆರೆ. ಬಂದವರು ಹೆಜ್ಜಾರ್ಲೆ ನೋಡಿ ಹಿಂದಿರುಗುತ್ತಾರೆ. ನನಗೆ ಪ್ರೀತಿ ಕೆರೆಯ ಉತ್ತರ ತುದಿಯ ಜೊಂಡಿನ ಮೇಲೆ.

ಮನೆಗಳ ಬಚ್ಚಲು, ಪಾಯಿಖಾನೆಯ ನೀರು ಮೊದಲು ಜಲಮಂಡಳಿಯ ಕೊಳಚೆ ಸಂಸ್ಕರಣಾ ಘಟಕಕ್ಕೆ ಬರುತ್ತದೆ. ದಿನಕ್ಕೆ 1 ಕೋಟಿ ಲೀಟರ್ ಸಾಮರ್ಥ್ಯದೊಂದಿಗೆ ಶುರುವಾದ ಘಟಕ ಅದು. ಅಲ್ಲಿ ಕೊಳೆ ಕಳೆದರೂ ನೈಟ್ರೇಟ್, ಫಾಸ್ಫೇಟ್ ಸಾಕಷ್ಟು ಉಳಿದಿರುತ್ತವೆ. ಅವು ನೇರ ಕೆರೆಗಿಳಿದರೆ ಅಂತರಗಂಗೆ ಹಬ್ಬುತ್ತದೆ, ಮೀನಿಗೆ ಉಸಿರು ಕಟ್ಟುತ್ತದೆ. ಹಾಗಾಗದಂತೆ ನಡುವೆ ನಿಂತಿರುವುದು ಜೊಂಡು ಬೆಳೆದ ಈ ಜೌಗು. ಜೊಂಡಿನ ಸಂದಿಯಲ್ಲಿ ನೀರು ಅವಸರ ಬಿಟ್ಟು ಹರಿಯುತ್ತದೆ. ಮಡ್ಡಿ ತಳ ಸೇರುತ್ತದೆ. ಬೇರಿಗಂಟಿದ ಸೂಕ್ಷ್ಮಜೀವಿಗಳು ಉಳಿದ ಕೊಳೆಯನ್ನು ತಿನ್ನುತ್ತವೆ, ನಮಗೆ ವಿಷವಾದದ್ದನ್ನು ಗಿಡ ಗೊಬ್ಬರವೆಂದು ಹೀರಿಕೊಳ್ಳುತ್ತದೆ. ಈ ಕೆಲಸಕ್ಕೆ ಕರೆಂಟೂ ಬೇಡ, ಮೋಟಾರೂ ಬೇಡ. ಎಂಥ ಅಚ್ಚುಕಟ್ಟು!

ಆರೈಕೆ ಮಾತ್ರ ಬೇಕೇ ಬೇಕು. ಬೆಳೆದ ಜೊಂಡನ್ನು ಕಾಲಕಾಲಕ್ಕೆ ಕೊಯ್ದು ಹೊರಸಾಗಿಸದಿದ್ದರೆ, ಅದು ಅಲ್ಲೇ ಕೊಳೆತು ಹೀರಿದ್ದನ್ನು ನೀರಿಗೇ ಮರಳಿಸುತ್ತದೆ. ಕೊಯ್ಯುವ ಕೈಗಳಿಗೂ ಈ ಮೆಚ್ಚುಗೆಯಲ್ಲಿ ಪಾಲಿದೆ.

ಹೀಗೆ ತಿಳಿಯಾದ ನೀರಿನ ಫಲ ಹಲವರಿಗೆ. ಈ ಕೆರೆಯನ್ನು ನಂಬಿ ಮೀನು ಹಿಡಿಯುವವರಿದ್ದಾರೆ. ಆಸುಪಾಸಿನ ತೆರೆದ ಬಾವಿಗಳಿಗೆ ಇದರದೇ ಒರತೆ. ಇಲ್ಲಿಂದ ಕೋಡಿ ಹರಿದ ನೀರು ಕೆಳಗಿನ ರಾಚೇನಹಳ್ಳಿ ಕೆರೆಯನ್ನು ಸೇರುತ್ತದೆ.